ಸುದ್ದಿಯ ವೇಷದ ಜಾಹೀರಾತು: ಅಮೆರಿಕದ ದಿನಪತ್ರಿಕೆಗಳು ಬದಲಾದ ಬಗೆ

ಅಮೆರಿಕದಲ್ಲಿ 1890ರ ದಶಕದಿಂದ ಮೊದಲ ಮಹಾಯುದ್ಧದವರೆಗಿನ ಸುಧಾರಣೆಯ ಕಾಲಕ್ಕೆ ಪ್ರೋಗ್ರೆಸಿವ್ ಯುಗ ಎಂಬ ಹೆಸರಿದೆ. ಆ ಕಾಲದ ಪತ್ರಿಕೋದ್ಯಮ ಎಂದಕೂಡಲೇ ನೆನಪಾಗುವವರು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ವಹಿವಾಟನ್ನು ಬಯಲಿಗೆಳೆದ ಐಡಾ ಟಾರ್ಬೆಲ್. ಆದರೆ 1902ರಲ್ಲಿ ಶುರುವಾದ ಆ ಸರಣಿ ಬಂದದ್ದು ಮೆಕ್ಲೂರ್ಸ್ ಎಂಬ ಮಾಸಪತ್ರಿಕೆಯಲ್ಲಿ. ದಿನಪತ್ರಿಕೆಗಳ ಕೈ ಕಟ್ಟಿಹಾಕಿದ್ದು ಏನೆಂದು ತಿಳಿಯಬೇಕಾದರೆ ಅವುಗಳ ಜಾಹೀರಾತು ಕರಾರನ್ನು ಓದಬೇಕು.

1833ರಲ್ಲಿ ನ್ಯೂಯಾರ್ಕ್‌ನ ಸನ್ ಪತ್ರಿಕೆಯ ಬೆಲೆ 1 ಸೆಂಟ್. 1898ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೂಡ 3 ಸೆಂಟ್‌ನಿಂದ 1ಕ್ಕೆ ಇಳಿಯಿತು. ಬೆಲೆ ಇಳಿದಷ್ಟೂ ಪತ್ರಿಕೆಯನ್ನು ಸಾಕುವ ಹೊಣೆ ಜಾಹೀರಾತಿನ ಮೇಲೆ ಬಿತ್ತು.

ದೊಡ್ಡ ಜಾಹೀರಾತುದಾರರಲ್ಲಿ ಪೇಟೆಂಟ್ ಔಷಧಿ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವ ಸಿದ್ಧ ಮದ್ದಿನ ಕಂಪನಿಗಳೂ ಇದ್ದವು. ಹಲವು ರೋಗಗಳಿಗೆ ಒಂದೇ ಮದ್ದೆಂದು ಮಾರಾಟವಾಗುತ್ತಿದ್ದ ಪೆರೂನಾದಲ್ಲಿ ಸುಮಾರು ಶೇ. 28ರಷ್ಟು ಆಲ್ಕೊಹಾಲ್ ಇತ್ತು. ಈ ಕಂಪನಿಗಳ ಕರಾರಿನಲ್ಲಿ ಕೆಂಪು ಶಾಯಿಯಲ್ಲಿ ಅಚ್ಚಾದ ಒಂದು ಷರತ್ತು: ನಿಮ್ಮ ರಾಜ್ಯ ಇಂಥ ಔಷಧಿಗಳ ತಯಾರಿಕೆ ಅಥವಾ ಮಾರಾಟವನ್ನು ನಿರ್ಬಂಧಿಸುವ ಕಾನೂನು ತಂದರೆ ಈ ಕರಾರು ರದ್ದು. ಸುದ್ದಿ ಅಂಕಣದಲ್ಲಿ ಕಂಪನಿಗೆ ಹಾನಿಯಾಗುವಂಥದ್ದು ಬಂದರೂ ರದ್ದು ಎಂದು ಬರೆಸಿಕೊಂಡವರೂ ಇದ್ದರು. ಹೀಗಾಗಿ ಮಸೂದೆ ಬಂದಾಗ ಕಂಪನಿ ಓಡಾಡಬೇಕಿರಲಿಲ್ಲ. ಪತ್ರಿಕೆಯ ಮಾಲೀಕರೇ ಶಾಸಕರಿಗೆ ಕಾಗದ ಬರೆಯುತ್ತಿದ್ದರು. ಮ್ಯಾಸಚೂಸೆಟ್ಸ್ ಶಾಸನಸಭೆಯಲ್ಲಿ ಔಷಧಿ ಮಸೂದೆಯ ಚರ್ಚೆ ನಡೆದಾಗ ಅಲ್ಲಿನ ಹೆಚ್ಚಿನ ಪತ್ರಿಕೆಗಳು ಅದನ್ನು ವರದಿಯನ್ನೇ ಮಾಡಲಿಲ್ಲ. ಓದುಗರಿಗೆ ಆದ ಅನ್ಯಾಯ ಈ ಮೌನದಲ್ಲೇ ಇದೆ. ಕೋಲಿಯರ್ಸ್ ವಾರಪತ್ರಿಕೆ 1905ರಲ್ಲಿ ಆ ಕರಾರುಗಳನ್ನೇ ಅಚ್ಚುಹಾಕಿತು. ಮರುವರ್ಷ ಆಹಾರ ಮತ್ತು ಔಷಧಿ ಕಾಯ್ದೆ ಬಂತು.

ಇನ್ನೊಂದು ರೋಗ ಉಳಿದಿತ್ತು: ಸುದ್ದಿಯದೇ ಅಚ್ಚಕ್ಷರ, ಸುದ್ದಿಯದೇ ತಲೆಬರಹ ಹೊತ್ತು ಬರುವ ಕಾಸಿನ ಬರಹ. 1912ರ ಕಾನೂನು ಇದನ್ನು ಅಂಚೆಯ ಮೂಲಕ ಹಿಡಿಯಿತು. ಪತ್ರಿಕೆಗಳಿಗೆ ಸಿಗುತ್ತಿದ್ದ ರಿಯಾಯಿತಿ ಅಂಚೆ ದರ ಪೌಂಡಿಗೆ 1 ಸೆಂಟ್. ಅದು ಬೇಕಿದ್ದರೆ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಸಂಪಾದಕರು, ಮಾಲೀಕರು, ಸಾಲಕೊಟ್ಟವರ ಹೆಸರನ್ನು ಪ್ರಮಾಣ ಮಾಡಿ ಸಲ್ಲಿಸಬೇಕಿತ್ತು. ದಿನಪತ್ರಿಕೆಯಾದರೆ ಪ್ರಸಾರ ಸಂಖ್ಯೆಯನ್ನೂ ಕೊಡಬೇಕಿತ್ತು. ಹಣ ಪಡೆದ ಬರಹಕ್ಕೆ ‘ಜಾಹೀರಾತು’ ಎಂದು ಹಣೆಪಟ್ಟಿ ಹಚ್ಚದಿದ್ದರೆ 50ರಿಂದ 500 ಡಾಲರ್ ದಂಡವಿತ್ತು. ಪ್ರಕಾಶಕರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 1913ರಲ್ಲಿ ಕಾನೂನೇ ಗೆದ್ದಿತು.

ಆದರೆ ಕಾನೂನು ಹಿಡಿದದ್ದು ಕಾಸು ಕೈಬದಲಾದ ಬರಹವನ್ನು ಮಾತ್ರ. ಕಂಪನಿಯ ಪ್ರಚಾರಕರು ಪುಕ್ಕಟೆಯಾಗಿ ಬರೆದು ಕಳಿಸಿದ ‘ಸುದ್ದಿ’ಗೆ ಹಣೆಪಟ್ಟಿ ಬೇಕಿರಲಿಲ್ಲ. 1906ರಲ್ಲೇ ಕಲ್ಲಿದ್ದಲು ಗಣಿ ಮಾಲೀಕರ ಪರ ಕೆಲಸ ಮಾಡುತ್ತಿದ್ದ ಪ್ರಚಾರಕ ಐವಿ ಲೀ ಸಂಪಾದಕರಿಗೆ ತಿಳಿಸಿದ್ದರು: ನಾವು ಕಳಿಸಿದ್ದು ಜಾಹೀರಾತು ವಿಭಾಗಕ್ಕೆ ಹೋಗಬೇಕಾದ್ದು ಅನ್ನಿಸಿದರೆ ಬಳಸಬೇಡಿ.