ಬ್ರಾಕೆಟ್ ಮುಚ್ಚಿದ ಮೇಲೆ ‘ದಲ್ಲಿ’ಯೋ ‘ಯಲ್ಲಿ’ಯೋ?

ಪ್ರಶ್ನೆ: ನಮ್ಮ ಒಕ್ಕದ (ಕೊಡವ ಮನೆತನದ) ಸ್ಮರಣ ಸಂಚಿಕೆಗೆ ಲೇಖನ ಬರೆಯುತ್ತಿದ್ದೇನೆ. ‘ಅಜ್ಜ ಕುಶಾಲನಗರ (ಫ್ರೇಜರ್‌ಪೇಟೆ)ದಲ್ಲಿ ಅಂಗಡಿ ಇಟ್ಟಿದ್ದರು’ ಎಂದು ಬರೆದೆ. ಕರಡು ನೋಡಿದ ದೊಡ್ಡಪ್ಪ, ಮೇಷ್ಟರಾಗಿದ್ದವರು, ಅದನ್ನು ‘ಯಲ್ಲಿ’ ಎಂದು ತಿದ್ದಿದರು. ಯಾರದು ಸರಿ? ಪೂರ್ಣವಿರಾಮ ಬ್ರಾಕೆಟ್ಟಿನ ಒಳಗೋ ಹೊರಗೋ ಎಂಬುದನ್ನೂ ತಿಳಿಸಿ.
– ಗೋಣಿಕೊಪ್ಪಲಿನ ಓದುಗರು

ಉತ್ತರ: ಇಬ್ಬರದೂ ಸರಿ. ತೊಂದರೆ ಇರುವುದೇ ಅಲ್ಲಿ.

ನೀವು ಬ್ರಾಕೆಟ್ಟನ್ನು ಬಿಟ್ಟು ಓದಿದಿರಿ: ನಗರ, ನಗರದಲ್ಲಿ. ನಿಮ್ಮ ದೊಡ್ಡಪ್ಪ ಕಣ್ಣಿಗೆ ಬಿದ್ದದ್ದನ್ನು ಬಿದ್ದ ಹಾಗೇ ಓದಿದರು: ಪೇಟೆ, ಪೇಟೆಯಲ್ಲಿ. ಅಕಾರದಲ್ಲಿ ಮುಗಿಯುವ ಊರಿನ ಹೆಸರಿಗೆ ‘ದ’ ಸೇರುತ್ತದೆ. ಇಕಾರ, ಎಕಾರಗಳಲ್ಲಿ ಮುಗಿದರೆ ‘ಯ’ ಬರುತ್ತದೆ. ಎರಡು ಹೆಸರುಗಳ ಕೊನೆಯ ಸ್ವರ ಬೇರೆಬೇರೆ ಆದಾಗ ಒಂದೇ ಪ್ರತ್ಯಯ ಇಬ್ಬರಿಗೂ ಒಗ್ಗುವುದಿಲ್ಲ. ‘ಮಡಿಕೇರಿ (ಮರ್ಕೆರಾ)’ ಎಂದು ಬರೆದು ಮುಂದೆ ‘ಯಲ್ಲಿ’ ಸೇರಿಸಿ ನೋಡಿ, ನಾಲಿಗೆ ಅಲ್ಲೇ ಎಡವುತ್ತದೆ. ‘ಹುತ್ತರಿ (ಪುತ್ತರಿ)ಗೆ’ ಎಂದರೆ ಮಾತ್ರ ಯಾರೂ ತಕರಾರು ತೆಗೆಯುವುದಿಲ್ಲ, ಎರಡೂ ‘ರಿ’ಯಲ್ಲೇ ಮುಗಿಯುತ್ತವಲ್ಲ.

ಈ ಚಿಹ್ನೆಗಳು ನಮ್ಮ ವ್ಯಾಕರಣದೊಳಗೆ ಹುಟ್ಟಿದವಲ್ಲ. ಓಲೆಗರಿಯಲ್ಲಿ ಪದ್ಯ ಮುಗಿದಲ್ಲಿ ದಂಡ ಎಳೆದರೆ ಸಾಕಿತ್ತು. ಅಲ್ಪವಿರಾಮ, ಆವರಣ ಚಿಹ್ನೆ ಎಲ್ಲ ಅಚ್ಚಿನ ಮೊಳೆಗಳ ಜೊತೆ ಬಂದು ಬೇರೂರಿದವು. (1843ರಲ್ಲಿ ಮಂಗಳೂರಿನಿಂದ ಮೊದಲ ಕನ್ನಡ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಆಮೇಲೆ ನಮ್ಮ ಕೊಡಗಿಗೂ ಬಂದು ನೆಲೆಸಿದ್ದವರು.) ಇಂಗ್ಲಿಷಿನಲ್ಲಿ ‘ಇನ್’ ಎಂಬುದು ಊರಿನ ಹೆಸರಿಗಿಂತ ಮುಂಚೆಯೇ ಬಂದು ಕೂತಿರುತ್ತದೆ, ಹಿಂದೆ ಎಷ್ಟು ಬ್ರಾಕೆಟ್ ಹಾಕಿದರೂ ಅದಕ್ಕೆ ಚಿಂತೆಯಿಲ್ಲ. ನಮ್ಮ ‘ಅಲ್ಲಿ’, ‘ಇಂದ’, ‘ಗೆ’ಗಳು ಪದದ ಬಾಲಕ್ಕೇ ಅಂಟಬೇಕು. ನಡುವೆ ಬ್ರಾಕೆಟ್ ನುಗ್ಗಿದರೆ ಬಾಲ ಒಂದು ಕಡೆ, ಪದ ಒಂದು ಕಡೆ.

ಹಾಗಾಗಿ ನಾನು ಮಾಡುವುದು ಇಷ್ಟು: ಪ್ರತ್ಯಯವನ್ನು ಮೊದಲು ಮುಗಿಸಿ, ಆಮೇಲೆ ಬ್ರಾಕೆಟ್ ತೆರೆಯುತ್ತೇನೆ. ‘ಅಜ್ಜ ಕುಶಾಲನಗರದಲ್ಲಿ (ಆಗಿನ ಫ್ರೇಜರ್‌ಪೇಟೆ) ಅಂಗಡಿ ಇಟ್ಟಿದ್ದರು.’ ಅದು ಹೊಂದದಿದ್ದರೆ ಒಂದು ಊರುಗೋಲು ಪದ ಕೊಡಿ: ‘ಕೈಲು ಮುಹೂರ್ತ (ಕೈಲ್‌ಪೊಳ್ದ್) ಹಬ್ಬಕ್ಕೆ’. ಇಲ್ಲವಾದರೆ ಮುಹೂರ್ತ‘ಕ್ಕೆ’, ಪೊಳ್ದ್‘ಗೆ’ ಎಂದು ಮತ್ತೆ ಜಗಳ. ವ್ಯಕ್ತಿಗಳ ಹೆಸರಿಗಂತೂ ‘ಅವರು’ ಇದ್ದೇ ಇದೆ: ‘ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ (1899–1993) ಅವರಿಗೆ’. ಬರೆದಾದ ಮೇಲೆ ಬ್ರಾಕೆಟ್ಟಿನ ಮೇಲೆ ಬೆರಳಿಟ್ಟು ಮುಚ್ಚಿ, ಗಟ್ಟಿಯಾಗಿ ಓದಿ. ವಾಕ್ಯ ಕುಂಟದಿದ್ದರೆ ಅಚ್ಚಿಗೆ ಕಳಿಸಬಹುದು.

ಪೂರ್ಣವಿರಾಮದ್ದು ಇಷ್ಟು ಕಷ್ಟವಿಲ್ಲ. ಬ್ರಾಕೆಟ್ಟಿನೊಳಗೆ ಇಡೀ ವಾಕ್ಯವೇ ಸ್ವತಂತ್ರವಾಗಿ ನಿಂತಿದ್ದರೆ ಚುಕ್ಕೆಯೂ ಒಳಗೆ, ಮೇಲೆ ಮೋಗ್ಲಿಂಗ್ ವಿಷಯದಲ್ಲಿ ಇಟ್ಟ ಹಾಗೆ. ವಾಕ್ಯದ ತುಂಡು ಮಾತ್ರ ಒಳಗಿದ್ದರೆ ಚುಕ್ಕೆ ಹೊರಗೆ. ‘ರೋಬಸ್ಟಾ ಕಾಫಿ ಚೆರಿಯ ದರ ಹೀಗಿದೆ (ಚೀಲಕ್ಕೆ, 50 ಕೆ.ಜಿ.).’ ಎಂಬಲ್ಲಿ ಒಳಗಿನ ಚುಕ್ಕೆ ಕೆ.ಜಿ.ಯದ್ದು, ಹೊರಗಿನದು ವಾಕ್ಯದ್ದು, ಎರಡೂ ಇರಲಿ. ಅಲ್ಪವಿರಾಮ ಬೇಕಿದ್ದರೆ ಬ್ರಾಕೆಟ್ ಮುಚ್ಚಿದ ಮೇಲೆ ಹಾಕಿ, ತೆರೆಯುವ ಮುಂಚೆ ಬೇಡ.

ಒಕ್ಕದ ಸಂಚಿಕೆ ಅಂದಿರಲ್ಲ, ಅದಕ್ಕೇ ಇನ್ನೊಂದು ಮಾತು. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರಿನ ಮುಂದೆ ಬ್ರಾಕೆಟ್ಟಿನಲ್ಲಿ ‘ತಾಮನೆ’ ಎಂದು ತವರಿನ ಮನೆತನ ಹಾಕುತ್ತೀರಿ. ಬೆರಳಿಟ್ಟು ಮುಚ್ಚಿದರೂ ಅಲ್ಲಿ ವಾಕ್ಯ ಚೆನ್ನಾಗಿಯೇ ನಿಲ್ಲುತ್ತದೆ. ಹಾಗಂತ ಜಾಗ ಉಳಿಸಲು ಅದನ್ನು ತೆಗೆದೀರಿ! ಸಂಚಿಕೆ ಕೈಗೆ ಬಂದ ದಿನವೇ ಚಿಕ್ಕಮ್ಮಂದಿರ ಫೋನು ಶುರುವಾಗುತ್ತದೆ.