ಟೆನೆಸ್ಮಸ್ ಅಂದರೆ ಮಲಬದ್ಧತೆಯೇ?

ಪ್ರಶ್ನೆ: ದಿನಕ್ಕೆ ಹತ್ತು ಸಲ ಟಾಯ್ಲೆಟ್‌ಗೆ ಓಡುವಂತಾಗುತ್ತದೆ, ಕೂತರೆ ಏನೂ ಬರುವುದಿಲ್ಲ. ಡಾಕ್ಟರು ಚೀಟಿಯಲ್ಲಿ ‘ಟೆನೆಸ್ಮಸ್’ ಎಂದು ಬರೆದಿದ್ದಾರೆ. ಮಲಬದ್ಧತೆಗೇ ಹೀಗೆನ್ನುತ್ತಾರೆಯೇ?

ಉತ್ತರ: ಅಲ್ಲ. ಮಲಬದ್ಧತೆಯಲ್ಲಿ ಮಲ ಇರುತ್ತದೆ, ಇಳಿಯುವುದಿಲ್ಲ. ಟೆನೆಸ್ಮಸ್‌ನಲ್ಲಿ ಗುದನಾಳ ಸಾಮಾನ್ಯವಾಗಿ ಖಾಲಿಯೇ. ಆದರೂ ಒತ್ತಡ ಬಿಡದು. ತಿಣುಕಿದರೆ ಒಂದು ಚಮಚದಷ್ಟು ಲೋಳೆ, ಕೆಲವೊಮ್ಮೆ ರಕ್ತ. ಕೈಕಾಲು ತೊಳೆದು ಹೊರಬರುವಷ್ಟರಲ್ಲಿ ಮತ್ತೆ ಶುರು.

ಪದ ಗ್ರೀಕಿನದು, ತಿಣುಕುವುದು ಎಂದರ್ಥ. ಅನುಭವ ಮಾತ್ರ ನಮ್ಮ ‘ಆಮಶಂಕೆ’ಯಲ್ಲೇ ಇದೆ: ಆಮ ಅಂದರೆ ಲೋಳೆ; ಶಂಕೆ, ಲಘುಶಂಕೆ ದೀರ್ಘಶಂಕೆಗಳಲ್ಲಿರುವ ಅದೇ ಶಂಕೆ. ಆದರೆ ಆಮಶಂಕೆ ಕಾಯಿಲೆಯ ಹೆಸರು, ಟೆನೆಸ್ಮಸ್ ಬರೀ ಲಕ್ಷಣ. ಚೀಟಿಯಲ್ಲಿ ಅದೊಂದೇ ಇದ್ದರೆ ಕಾರಣ ಇನ್ನೂ ಗೊತ್ತಾಗಬೇಕಿದೆ ಎಂದು ತಿಳಿಯಿರಿ.

ಗುದನಾಳದ ಉದ್ದ ಸುಮಾರು 12ರಿಂದ 15 ಸೆಂ.ಮೀ. ಮಲ ತುಂಬಿ ಅದರ ಗೋಡೆ ಹಿಗ್ಗಿದಾಗ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಗೋಡೆಯೇ ಉರಿಯೂತದಿಂದ ಬಾತುಕೊಂಡರೆ ಏನೂ ತುಂಬದಿದ್ದರೂ ಅದೇ ಸುದ್ದಿ ಹೋಗುತ್ತಿರುತ್ತದೆ. ಶಿಗೆಲ್ಲಾ ಬ್ಯಾಕ್ಟೀರಿಯಾ ಅಥವಾ ಅಮೀಬಾದಿಂದಾದ ಆಮಶಂಕೆ, ದೊಡ್ಡ ಕರುಳಿನ ಒಳಗೋಡೆ ಉರಿಯೂತದಿಂದ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್, ಗರ್ಭಕೊರಳಿನ ಕ್ಯಾನ್ಸರಿಗೆ ಕೊಟ್ಟ ರೇಡಿಯೇಷನ್ ಹೀಗೆ ಮಾಡುತ್ತವೆ. ಗುದನಾಳದಲ್ಲಿ ಗಡ್ಡೆ ಬೆಳೆದರೆ ಅದನ್ನೇ ಮಲವೆಂದು ನರಗಳು ನಂಬುತ್ತವೆ. ಹಾಸಿಗೆ ಹಿಡಿದ ಹಿರಿಯರಲ್ಲಿ ಕಲ್ಲಿನಂತಾದ ಮಲದ ಉಂಡೆಯೂ ಕಾರಣವಾಗುತ್ತದೆ. ಆಗ ಅದರ ಪಕ್ಕದಿಂದ ನೀರುಭೇದಿ ಸೋರುವುದರಿಂದ ಮನೆಯವರು ಭೇದಿ ಎಂದೇ ತಿಳಿಯುತ್ತಾರೆ. ಡಾಕ್ಟರು ಕೈಗವಸು ಹಾಕಿ ಬೆರಳಿನಿಂದ ಪರೀಕ್ಷಿಸಿದರೆ ಇಂಥ ಉಂಡೆ, ಕೆಳಭಾಗದ ಗಡ್ಡೆ ಸಾಮಾನ್ಯವಾಗಿ ಸಿಕ್ಕಿಬಿಡುತ್ತವೆ. ನಾಚಿಕೆಯಿಂದ ಬೇಡ ಎನ್ನಬೇಡಿ.

ಮಲಬದ್ಧತೆಯೆಂದು ತಾವೇ ಭೇದಿ ಮಾಡಿಸುವ ಮಾತ್ರೆ ನುಂಗುವುದು ಸಾಮಾನ್ಯ ತಪ್ಪು. ಇಲ್ಲದ ಮಲವನ್ನು ಅದು ಎಲ್ಲಿಂದ ತಂದೀತು? ಇದಕ್ಕಿಂತ ಕೆಟ್ಟದ್ದು, ಜ್ವರವೋ ರಕ್ತವೋ ಇರುವಾಗ ಭೇದಿ ನಿಲ್ಲಿಸುವ ಲೋಪೆರಮೈಡ್ ತೆಗೆದುಕೊಳ್ಳುವುದು: ಸೋಂಕು ಒಳಗೇ ಉಳಿದು ಕರುಳು ಉಬ್ಬಬಹುದು. ಐದು ನಿಮಿಷಕ್ಕೆ ಏನೂ ಬಾರದಿದ್ದರೆ ಎದ್ದುಬಿಡಿ, ತಿಣುಕಿದಷ್ಟೂ ಮೂಲವ್ಯಾಧಿ ಹೆಚ್ಚುತ್ತದೆ.

ಡಾಕ್ಟರ ಬಳಿ ‘ಹೊಟ್ಟೆ ಸರಿಯಿಲ್ಲ’ ಅಂದರೆ ಸಾಲದು. ದಿನಕ್ಕೆಷ್ಟು ಸಲ, ಪ್ರತಿ ಸಲ ಎಷ್ಟು, ರಕ್ತವೋ ಲೋಳೆಯೋ, ಎಷ್ಟು ದಿನದಿಂದ, ತೂಕ ಇಳಿದಿದೆಯೇ ಎಂದು ಹೇಳಿ. ಮುಖ್ಯವಾಗಿ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ? ಎಬ್ಬಿಸುವುದಾದರೆ, ಅಥವಾ ರಕ್ತ ಕಂಡಿದ್ದರೆ, ಕಾಯುತ್ತಾ ಕೂರಬೇಡಿ.