ಕೂಗುತ್ತಿದ್ದರೂ ಕೇಳಿಸದ ಹಾರ್ನ್

ಚಕ್ರ ಇಳಿಸಲು ಮರೆತು ಹೊಟ್ಟೆಯ ಮೇಲೆ ಉಜ್ಜಿಕೊಂಡು ನಿಂತ ತರಬೇತಿ ವಿಮಾನವನ್ನು ಎತ್ತಿ ನೋಡಿದರೆ ಸಾಮಾನ್ಯವಾಗಿ ಕೆಟ್ಟದ್ದೇನೂ ಸಿಗುವುದಿಲ್ಲ. ಪಂಪ್ ಸರಿ, ಬಲ್ಬು ಸರಿ, ಎಚ್ಚರಿಕೆಯ ಹಾರ್ನ್ ಕೂಡ ಸರಿ. ಒಳಗೆ ಇದ್ದವರೋ ಒಬ್ಬರಲ್ಲ, ಇಬ್ಬರು.

ಜಕ್ಕೂರಿನ ಮೇಲೆ ಸುತ್ತುವ ಸೆಸ್ನಾ 172ರಂಥ ವಿಮಾನಗಳಲ್ಲಿ ಚಕ್ರ ಸದಾ ಹೊರಗೇ ಇರುತ್ತದೆ. ಮರೆಯುವ ಪ್ರಶ್ನೆಯೇ ಇಲ್ಲ. ಆ ಅಭ್ಯಾಸ ಕೈಗೆ ಹತ್ತಿದ ಮೇಲೆ ವಿದ್ಯಾರ್ಥಿ ಮಡಚುವ ಚಕ್ರದ ವಿಮಾನಕ್ಕೆ ಬರುತ್ತಾನೆ. ಅಮೆರಿಕದ ಎಷ್ಟೋ ತರಬೇತಿ ಶಾಲೆಗಳಲ್ಲಿ ಅದು ಪೈಪರ್ ಆರೋ. ಇದರ ಚಕ್ರಗಳನ್ನು ಮೇಲೆ ಹಿಡಿದಿಡುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ ಮಾತ್ರ, ಯಾವ ಕೊಕ್ಕೆಯೂ ಅಲ್ಲ. ಒತ್ತಡ ಬಿಟ್ಟರೆ ತಮ್ಮ ಭಾರಕ್ಕೇ ಕೆಳಗೆ ಬೀಳುತ್ತವೆ. ಪಂಪ್ ಕೈಕೊಟ್ಟರೂ ಇಳಿಯಲೆಂದೇ ಹೀಗೆ ಮಾಡಿದ್ದಾರೆ. ಸ್ವಿಚ್ ಒತ್ತಿ ಸುಮಾರು 7 ಸೆಕೆಂಡಿಗೆ ಮೂರು ಹಸಿರು ದೀಪ ಹತ್ತುತ್ತವೆ, ಚಕ್ರಕ್ಕೊಂದರಂತೆ. ರೆಕ್ಕೆ ಕೆಳಗಿರುವುದರಿಂದ ಕಿಟಕಿಯಿಂದ ಬಗ್ಗಿ ನೋಡಿದರೆ ಚಕ್ರ ಕಾಣುವುದಿಲ್ಲ. ನಂಬಬೇಕಾದ್ದು ದೀಪವನ್ನೇ.

ಆ ದೀಪದಲ್ಲೂ ಒಂದು ಮರ್ಮವಿದೆ. ಪ್ಯಾನೆಲ್ ದೀಪದ ಗುಂಡಿ ತಿರುಗಿಸಿಟ್ಟಿದ್ದರೆ, ರಾತ್ರಿ ಕಣ್ಣು ಕುಕ್ಕದಿರಲೆಂದು ಹಸಿರು ದೀಪಗಳೂ ಮಂಕಾಗುತ್ತವೆ. ಹಗಲಿನ ಬಿಸಿಲಿನಲ್ಲಿ ಅವು ಆರಿದಂತೆಯೇ ತೋರುತ್ತವೆ. ಇಲ್ಲದ ದೋಷ ಹುಡುಕುವ ಮೊದಲು ಆ ಗುಂಡಿ ನೋಡಬೇಕು.

ಇನ್ನು ಹಾರ್ನ್. ಚಕ್ರ ಮೇಲಿದ್ದು, ಎಂಜಿನ್ನಿನ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ ಎಷ್ಟು ಶಕ್ತಿ ಕೊಡುತ್ತಿದೆ ಎಂದು ಪಾದರಸದ ಇಂಚುಗಳಲ್ಲಿ ತೋರಿಸುವ ಅಳತೆ) ಸುಮಾರು 14 ಇಂಚಿಗಿಂತ ಇಳಿದರೆ ಅದು ಕೂಗುತ್ತದೆ. ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿಕೆ) ಇಳಿಸಿದ್ದಾರೆ ಎಂದರೆ ಬಹುಶಃ ನೆಲಕ್ಕಿಳಿಯುತ್ತಿದ್ದಾರೆ ಎನ್ನುವುದು ಅದರ ಲೆಕ್ಕ. ತರಬೇತಿಯಲ್ಲಿ ಈ ಲೆಕ್ಕ ದಿನಕ್ಕೆ ಹತ್ತು ಸಲ ತಪ್ಪುತ್ತದೆ. ಸ್ಟಾಲ್ (ವೇಗ ಕುಗ್ಗಿ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಅಭ್ಯಾಸಕ್ಕೆ ಥ್ರಾಟಲ್ ಎಳೆದರೆ ಕೂಗು. ಎತ್ತರದಿಂದ ಬೇಗ ಇಳಿದರೆ ಕೂಗು. ಬೋಧಕರು "ಎಂಜಿನ್ ಹೋಯಿತು ಅಂದುಕೋ" ಎಂದು ಥ್ರಾಟಲ್ ಮುಚ್ಚಿದರೆ ಆ ಕ್ಷಣದಿಂದಲೇ ಕೂಗು, ಮತ್ತು ದೂರ ತೇಲಬೇಕಾದ್ದರಿಂದ ಚಕ್ರ ಮೇಲೆ ಇಟ್ಟುಕೊಳ್ಳುವುದೇ ಆಗ ಸರಿ. ರನ್‌ವೇ ಮುಟ್ಟುತ್ತೇವೋ ಇಲ್ಲವೋ ಎಂಬ ಚಿಂತೆಯಲ್ಲಿ ನಿಮಿಷಗಟ್ಟಲೆ ಕೇಳಿದ ಸದ್ದು ಕೊನೆಗೆ ಫ್ಯಾನಿನ ಸದ್ದಿನಂತಾಗುತ್ತದೆ.

ಇದು ಅಸಡ್ಡೆಯಲ್ಲ. ಫ್ರಾನ್ಸಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 28 ಮಂದಿ ಸಿಮ್ಯುಲೇಟರಿನಲ್ಲಿ ವಿಮಾನ ಇಳಿಸಿದರು. ಗಾಳಿಯ ಹಠಾತ್ ಹೊಡೆತವನ್ನು ನಿಭಾಯಿಸುತ್ತಿದ್ದಾಗ ಮೊಳಗಿದ ಎಚ್ಚರಿಕೆಗೆ 11 ಮಂದಿ ಸರಿಯಾಗಿ ಸ್ಪಂದಿಸಲೇ ಇಲ್ಲ. ಗಾಳಿ ಶಾಂತವಾಗಿದ್ದಾಗ ಅದೇ ಸದ್ದು ಎಲ್ಲರಿಗೂ ಕೇಳಿಸಿತ್ತು. ಕಣ್ಣಿಗೆ ಕೆಲಸ ಹೆಚ್ಚಾದಾಗ ಮಿದುಳು ಕಿವಿಯನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ.

ಹಾರ್ನ್ ತೀರಾ ತಡವಾಗಿ ಕೂಗುವುದೂ ಉಂಟು. ಎಂಜಿನ್ನಿಗೆ 16–17 ಇಂಚು ಕೊಟ್ಟುಕೊಂಡು ದೂರದಿಂದ ನೇರ ಬಂದರೆ, ಥ್ರಾಟಲ್ ಮುಚ್ಚುವುದು ನೆಲಕ್ಕೆ ಹತ್ತಿಪ್ಪತ್ತು ಅಡಿ ಇರುವಾಗ. ನಿಮಿಷಕ್ಕೆ 500 ಅಡಿಯಂತೆ ಇಳಿಯುವ ವಿಮಾನ ಆ 7 ಸೆಕೆಂಡಿನಲ್ಲಿ ಸುಮಾರು 58 ಅಡಿ ಇಳಿದಿರುತ್ತದೆ. ಆಗ ಸ್ವಿಚ್ಚಿಗೆ ಕೈ ಹಾಕುವುದಲ್ಲ, ಪೂರ್ತಿ ಪವರ್ ಕೊಟ್ಟು ಮೇಲೇಳಬೇಕು. ನೆಲ ಮುಟ್ಟುವ ಹೊತ್ತಿಗೆ ಸ್ಟಾಲ್ ಹಾರ್ನ್ ಕೂಗುವುದು ಸಹಜವಾದ್ದರಿಂದ ಚಕ್ರದ ಹಾರ್ನನ್ನೂ ಅದೇ ಎಂದುಕೊಳ್ಳುವವರಿದ್ದಾರೆ.

ತರಬೇತಿಯೇ ತೋಡುವ ಇನ್ನೊಂದು ಗುಂಡಿ: ಚಕ್ರ ಇಳಿಯದಿದ್ದರೆ ಏನು ಮಾಡಬೇಕೆಂದು ಕಲಿಸಲು ಬೋಧಕರು ಪಂಪಿನ ಸರ್ಕ್ಯೂಟ್ ಬ್ರೇಕರ್ (ವಿದ್ಯುತ್ ಕಡಿಯುವ ಗುಂಡಿ) ಎಳೆಯುತ್ತಾರೆ, ಪಾಠ ಮುಗಿದ ಮೇಲೆ ಒಳಗೊತ್ತಲು ಮರೆಯುತ್ತಾರೆ. ಮುಂದೆ ಸ್ವಿಚ್ ಒತ್ತಿದರೂ ಪಂಪ್ ಓಡುವುದಿಲ್ಲ. ಇಬ್ಬರಿರುವುದೂ ರಕ್ಷಣೆಯಲ್ಲ. ಗುರುಗಳು ನೋಡಿರುತ್ತಾರೆ ಎಂದು ಶಿಷ್ಯ, ಶಿಷ್ಯ ಇಳಿಸಿರುತ್ತಾನೆ ಎಂದು ಗುರು.

ಇದಕ್ಕೆ ತಿರುಗುಮುರುಗಾದ ತಪ್ಪು, ಇಳಿದ ಮೇಲೆ ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಪಟ್ಟಿ) ಬದಲು ಚಕ್ರ ಮಡಚುವುದು. ಎರಡನೇ ಮಹಾಯುದ್ಧದಲ್ಲಿ ಬಿ–17 ಬಾಂಬರುಗಳಲ್ಲಿ ಇದನ್ನು ಗಮನಿಸಿದ ಮನೋವಿಜ್ಞಾನಿ ಅಲ್ಫಾನ್ಸ್ ಚಪಾನಿಸ್, ಪಕ್ಕಪಕ್ಕದಲ್ಲಿದ್ದ ಒಂದೇ ಬಗೆಯ ಸ್ವಿಚ್ಚುಗಳೇ ಕಾರಣವೆಂದು ಕಂಡು, ಒಂದಕ್ಕೆ ರಬ್ಬರಿನ ಪುಟ್ಟ ಚಕ್ರ, ಇನ್ನೊಂದಕ್ಕೆ ಬೆಣೆಯಾಕಾರದ ತುಂಡು ಅಂಟಿಸಿದರು. ಇಂದಿಗೂ ಚಕ್ರದ ಹಿಡಿಕೆ ಚಕ್ರದ ಆಕಾರದಲ್ಲೇ ಇದೆ. ಆರೋದಲ್ಲಿ ಫ್ಲ್ಯಾಪಿನದು ಸೀಟುಗಳ ನಡುವಿನ ಉದ್ದನೆಯ ಸನ್ನೆಯಾದ್ದರಿಂದ ಈ ಗೊಂದಲ ಕಡಿಮೆ. ಹಳೆಯ ಬೀಚ್‌ಕ್ರಾಫ್ಟ್ ಬೊನಾಂಜಾಗಳಲ್ಲಿ ಎರಡೂ ಸ್ವಿಚ್ಚುಗಳ ಜಾಗ ಬೇರೆ ವಿಮಾನಗಳಿಗೆ ಹೋಲಿಸಿದರೆ ಅದಲುಬದಲಾಗಿತ್ತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1980ರಲ್ಲಿ ಇದರ ಮೇಲೆಯೇ ವರದಿ ಬರೆಯಿತು. ರನ್‌ವೇ ಬಿಟ್ಟು ಪಕ್ಕಕ್ಕೆ ಬಂದು ನಿಲ್ಲುವವರೆಗೆ ಯಾವ ಹಿಡಿಕೆಯನ್ನೂ ಮುಟ್ಟಬಾರದು ಎಂಬ ನಿಯಮ ಇದಕ್ಕಾಗಿಯೇ.

ಮರೆವಿಗೆ ಮದ್ದು ಇನ್ನೂ ಜೋರಾದ ಹಾರ್ನ್ ಅಲ್ಲ. ಚಕ್ರವನ್ನು ನೆನಪಿಗಿಂತ ಒಂದು ಜಾಗಕ್ಕೆ ಕಟ್ಟಿಹಾಕುವುದು ಮೇಲು. ಡೌನ್‌ವಿಂಡ್‌ನಲ್ಲಿ, ಅಂದರೆ ರನ್‌ವೇಯ ಪಕ್ಕದಲ್ಲಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುವಾಗ, ರನ್‌ವೇಯ ತುದಿ ರೆಕ್ಕೆಯ ಪಕ್ಕಕ್ಕೆ ಬಂದಾಗ, ವೇಗ 129 ನಾಟ್‌ಗಿಂತ (ಆರೋದಲ್ಲಿ ಚಕ್ರ ಇಳಿಸುವ ವೇಗಮಿತಿ) ಕಡಿಮೆ ಎಂದು ನೋಡಿ, ಸ್ವಿಚ್ ಒತ್ತಿ, ಹಸಿರು ಬರುವವರೆಗೆ ಕಣ್ಣು ಅಲ್ಲೇ ಇರಲಿ. ತಿರುವಿನಲ್ಲಿ ಮತ್ತೊಮ್ಮೆ, ಕೊನೆಯ ನೇರದಲ್ಲಿ ಇನ್ನೊಮ್ಮೆ ದೀಪಗಳನ್ನು ಬೆರಳಿಟ್ಟು ತೋರಿಸಿ ಬಾಯಿಬಿಟ್ಟು ಹೇಳಬೇಕು. ಬೆರಳಿಲ್ಲದೆ ಬಾಯಿ ಮಾತ್ರ ಹೇಳಿದರೆ ಅದು ಮಗ್ಗಿ ಒಪ್ಪಿಸಿದಂತೆ. "ಮೂರು ಹಸಿರು" ಎನ್ನುತ್ತಲೇ ಹೊಟ್ಟೆಯ ಮೇಲೆ ಇಳಿಯಬಹುದು. ಇಳಿಯದೆ ಮೇಲೆದ್ದು ಮತ್ತೊಂದು ಸುತ್ತು ಬಂದರೆ ಎಲ್ಲವೂ ಮೊದಲಿನಿಂದ.

ಅಷ್ಟಾಗಿಯೂ ಪ್ರೊಪೆಲ್ಲರ್ ನೆಲಕ್ಕೆ ತಾಗಿತು ಎನ್ನಿ. ಆಗ ಮೇಲೇಳಲು ನೋಡಬಾರದು: ತುದಿ ಬಾಗಿದ ಪ್ರೊಪೆಲ್ಲರ್ ಮತ್ತೆ ಎಳೆಯುತ್ತದೆಂಬ ಭರವಸೆಯಿಲ್ಲ. ಥ್ರಾಟಲ್ ಮುಚ್ಚಿ, ನೇರ ಹಿಡಿದು, ನಿಂತ ಮೇಲೆ ಇಂಧನ ಮತ್ತು ಮಾಸ್ಟರ್ ಸ್ವಿಚ್ ಆರಿಸಿ ಹೊರಬರಬೇಕು. ಇಂಥ ಇಳಿತದಲ್ಲಿ ಸಾಮಾನ್ಯವಾಗಿ ಜನ ನಡೆದೇ ಹೊರಬರುತ್ತಾರೆ. ಎಂಜಿನ್ನಿಗೆ ಆ ಅದೃಷ್ಟವಿಲ್ಲ. ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಅದನ್ನು ಬಿಚ್ಚಿ ಕ್ರ್ಯಾಂಕ್‌ಶಾಫ್ಟಿನಲ್ಲಿ ಬಿರುಕು ಇದೆಯೇ ಎಂದು ನೋಡದೆ ಮತ್ತೆ ಹಾರಿಸುವಂತಿಲ್ಲ.